ಕಾನಿಗೆ ಹಾಯಿಸಿದ ಬ್ಯಾಕಿಂಗ್ ನೀರು

ಹೋದ ತಿಂಗಳು ಮೂಡಿಗೆರೆಯಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಕೂತಿದ್ದೆ. ಹೋಳಿಗೆಗೆ ತುಪ್ಪ ಬಡಿಸುತ್ತಾ ಬರುತ್ತಿದ್ದರು. ಅಷ್ಟರಲ್ಲಿ ಪಕ್ಕದ ಖಾಲಿ ಸೈಟಿನಲ್ಲಿ ಯಾರೋ ಪುಣ್ಯಾತ್ಮರು ಒಣಹುಲ್ಲಿಗೆ ಕಡ್ಡಿ ಗೀರಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಜಲು ಕೈಯಲ್ಲೇ ಎದ್ದು ನಿಂತು "ಗಾಳಿ ಯಾವ ಕಡೆಗಿದೆ?" ಅಂತ ಕೂಗಿಬಿಟ್ಟೆ. ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಂಗಿ ಓಡಿ ಬಂದು "ಅಕ್ಕಾ, ಕೂತ್ಕೊಳೇ, ಮಾನ ತೆಗೀಬೇಡ" ಅಂದಳು. ಎಲ್ಲರೂ ನಕ್ಕರು, ನಮ್ಮ ಯಜಮಾನ್ರನ್ನು ಬಿಟ್ಟು. ಗಂಡಸರ ಸಾಲಿನಲ್ಲಿ ಅವರೂ ಅರ್ಧ ಎದ್ದಿದ್ದರು.

ಆ ವಾಸನೆ ನಮ್ಮಿಬ್ಬರಿಗೂ ಒಂದೇ ಬೇಸಿಗೆಯದ್ದು. ಅದಾಗಿ ಕೆಲವು ವರ್ಷವಾಯ್ತು. ಆದರೂ ಒಣಹುಲ್ಲು ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕಾಲು ತಾನೇ ಗುಡ್ಡದ ಕಡೆ ತಿರುಗುತ್ತದೆ.

ನಮ್ಮ ತೋಟ ಇರೋದು ಕಳಸದಿಂದ ಮೇಲೆ, ಜೀಪು ಫಸ್ಟ್ ಗೇರಿನಲ್ಲಿ ಏದುಸಿರು ಬಿಡುವ ಕಡೆ. ಎಸ್ಟೇಟು, ಬಂಗಲೆ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಕೆಳಗೊಂದು ಬ್ಲಾಕು, ಮೇಲೊಂದು ಬ್ಲಾಕು ರೊಬಸ್ಟಾ ಕಾಫಿ, ಮಧ್ಯೆ ಮನೆ, ಮೇಲಿನ ಬ್ಲಾಕಿನ ಪಕ್ಕ ಒಂದು ಕೆರೆ. ಅದರಿಂದಾಚೆ ಬರೀ ಹುಲ್ಲಿನ ಗುಡ್ಡ. ಗುಡ್ಡದ ಮಡಿಕೆಯಲ್ಲಿ ಒಂದು ಕಾನು, ಅಂದರೆ ದಟ್ಟ ಕಾಡಿನ ತುಂಡು. ಅರಣ್ಯ ಇಲಾಖೆಯವರು ಅದನ್ನು ಶೋಲಾ ಅಂತಾರೆ. ಹಗಲಲ್ಲೂ ಒಳಗೆ ಮಬ್ಬು, ಕಾಲಿಟ್ಟರೆ ಹಾಸಿಗೆ ಮೇಲೆ ನಡೆದ ಹಾಗೆ ತರಗೆಲೆ. ಅದರ ಬುಡದಿಂದ ಹೊರಡುವ ಹಳ್ಳವೇ ನಮ್ಮ ಕೆರೆಗೆ, ಪಕ್ಕದ ಮಂಜಪ್ಪಗೌಡರ ಕೆರೆಗೆ, ಕೆಳಗಿನ ಮನೆಗಳ ಕುಡಿಯೋ ನೀರಿಗೆ ಎಲ್ಲಕ್ಕೂ ಮೂಲ.

ಆ ವರ್ಷ ನಾನು ಗ್ರಾಮ ಅರಣ್ಯ ಸಮಿತಿಗೆ ಅಧ್ಯಕ್ಷೆ. ನಗಬೇಡಿ. ಈ ಸಲ ಹೆಂಗಸರು ಯಾರಾದ್ರೂ ಆಗ್ಲಿ ಅಂತ ಗಂಡಸರೆಲ್ಲ ಒಬ್ಬೊಬ್ಬರೇ ಹಿಂದೆ ಸರಿದರು, ಮುಂದಿನ ಬೆಂಚಿನಲ್ಲಿ ಕೂತಿದ್ದವಳು ನಾನೊಬ್ಬಳೇ. "ಏನಿಲ್ಲ ಸುಮಿತ್ರಮ್ಮ, ಸಹಿ ಹಾಕಿದ್ರೆ ಸಾಕು" ಅಂದರು. ಹೀಗೆ ಹೇಳಿದ ಯಾವ ಕೆಲಸ ತಾನೇ ಬರೀ ಸಹಿಯಲ್ಲಿ ಮುಗಿದಿದೆ ಹೇಳಿ?

ಡಿಸೆಂಬರಿನಲ್ಲಿ ಹೊಸ ಫಾರೆಸ್ಟ್ ಗಾರ್ಡ್ ಬಂದಳು. ರೇಣುಕಾ ಅಂತ, ಬಾಗಲಕೋಟೆ ಕಡೆಯ ಹುಡುಗಿ. ಮೊದಲ ದಿನ ನಮ್ಮ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ ಸುತ್ತ ನೋಡಿ, "ಅಕ್ಕಾರ, ಇಷ್ಟ ಹಸರ ಐತಿ, ಇಲ್ಲೆಲ್ಲಿ ಬೆಂಕಿ ಹತ್ತತೈತ್ರಿ?" ಅಂದಳು.

"ಸ್ವಲ್ಪ ತಡಿ ತಾಯಿ. ಸಂಕ್ರಾಂತಿ ಆಗ್ಲಿ, ಆಮೇಲೆ ಕೇಳು" ಅಂದೆ.

ಮಳೆ ಆ ಸಲ ಬೇಗ ಕೈಕೊಟ್ಟಿತ್ತು. ಸಂಕ್ರಾಂತಿಯ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಕರಡವಾಗಿ ಸೊಂಟದ ತನಕ ನಿಂತಿತ್ತು. ಗಾಳಿ ಬೀಸಿದರೆ ಹೊಸ ಸೀರೆಯ ಹಾಗೆ ಸರಸರ ಅನ್ನೋದು. ಚೆಂದ ಕಾಣ್ತದೆ, ನಿಜ. ಆದರೆ ಅದರ ಕೆಳಗೆ ತೋಟ ಇಟ್ಟುಕೊಂಡವರಿಗೆ ಅದು ಚೆಂದ ಅನ್ನಿಸಲ್ಲ.

ರೇಣುಕಾ ಸುಮ್ಮನೆ ಕೂರುವವಳಲ್ಲ. ವಾಚರ್ ಪುಟ್ಟಯ್ಯನನ್ನು ಕಟ್ಟಿಕೊಂಡು ಗುಡ್ಡ ಪೂರ್ತಿ ಸುತ್ತಿದಳು. ಬೆಂಕಿ ರೇಖೆ ಎಲ್ಲಿ ಹಾಯಬೇಕು ಅಂತ ಗುರುತು ಹಾಕಿದಳು. ಬೆಂಕಿ ರೇಖೆ ಅಂದರೆ ಇಷ್ಟೇ: ಕಾನಿನ ಸುತ್ತ, ತೋಟಗಳ ಮೇಲಿನ ಅಂಚಿನಲ್ಲಿ, ರಸ್ತೆ ಅಗಲಕ್ಕೆ ಹುಲ್ಲನ್ನು ಸವರಿ, ಇಬ್ಬನಿ ಆರುವ ಮುಂಚೆ ಇಲಾಖೆಯವರೇ ನಿಂತು ಅದನ್ನು ಸುಟ್ಟುಬಿಡೋದು. ಆಮೇಲೆ ಬೇಸಿಗೆಯಲ್ಲಿ ಎಲ್ಲಿಂದಲಾದರೂ ಬೆಂಕಿ ಬಂದರೆ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ಸಾಯಬೇಕು. ಅವಳು ಸಮಿತಿಯ ಸಭೆಯಲ್ಲಿ ಚೆನ್ನಾಗಿಯೇ ಹೇಳಿದಳು. ಹುಲ್ಲಿಗೆ ಬೆಂಕಿ ಹೊಸದಲ್ಲ, ಬೇರು ಮಣ್ಣೊಳಗಿರ್ತದೆ, ಒಂದು ಮಳೆಗೆ ಚಿಗುರ್ತದೆ. ಕಾನಿನ ಮರಗಳ ಕತೆ ಬೇರೆ. ಅವುಗಳ ತೊಗಟೆ ತೆಳು. ಬುಡ ಬೆಂದರೆ ನಿಂತಲ್ಲೇ ಒಣಗ್ತವೆ, ಆ ಜಾಗಕ್ಕೆ ಹುಲ್ಲು ಬರ್ತದೆ, ಮುಂದಿನ ಬೆಂಕಿ ಇನ್ನೂ ಒಳಗೆ ನುಗ್ತದೆ. ಹಾಗೆ ಅಂಚು ಸವೆದು ಸವೆದು ಕರವಸ್ತ್ರದಷ್ಟಾದ ಕಾನುಗಳು ಕುದುರೆಮುಖದ ಕಡೆಗೆ ಹೋಗುವಾಗ ನನಗೇ ಕಂಡಿವೆ.

ಇಬ್ಬನಿ ಬಿದ್ದ ಬೆಳಗುಗಳಲ್ಲಿ ಊರವರೆಲ್ಲ ಹಸಿಸೊಪ್ಪು ಹಿಡಿದು ನಿಂತು ರೇಖೆ ಸುಟ್ಟೆವು. ಒಳ್ಳೆ ಕೆಲಸ ನಡೆಯಿತು. ಉಪ್ಪಿಟ್ಟು ನಮ್ಮ ಮನೆಯಿಂದ, ಟೀ ಮಂಜಪ್ಪಗೌಡರ ಮನೆಯಿಂದ.

ಈ ಮಂಜಪ್ಪಗೌಡರು ನಮಗೆ ನೆಂಟರಲ್ಲ. ಆದರೆ ಊರ ಲೆಕ್ಕದಲ್ಲಿ ನನಗೆ ಭಾವ ಆಗಬೇಕು. ನಮ್ಮ ಯಜಮಾನ್ರು, ಹೆಸರು ಚಂದ್ರಶೇಖರ, ಅವರೂ ಇವರೂ ಬಾಲ್ಯದಿಂದ ಜೊತೆ. ಭಾವನ ಬಾಯಿ ಬೆಣ್ಣೆ. ರೇಖೆ ಅವರ ತೋಟದ ಮೇಲಿನ ಅಂಚಿಗೆ ಬಂದಾಗ ರೇಣುಕಾಳ ಹತ್ತಿರ ಹೋಗಿ, "ಮೇಡಂ, ಇಲ್ಲೊಂಚೂರು ಬಿಡಿ. ಕೊಟ್ಟಿಗೆಗೆ ಕರಡ ಬೇಕು. ಕೊಯ್ಕೊಂಡ್ಮೇಲೆ ನೀವು ಏನ್ ಬೇಕಾದ್ರೂ ಮಾಡಿ" ಅಂದರು. ಅವಳು ಪಾಪ, ಬಂದಾಗಿನಿಂದ ದಿನಾ ಅವರ ಮನೆ ಟೀ ಕುಡಿದವಳು. "ಆತ್ರಿ ಗೌಡ್ರ, ಲಗೂನ ಕೊಯ್ಸ್ರಿ" ಅಂದಳು.

ಅಲ್ಲಿ ನಿಂತಿದ್ದವರು ಯಾರೂ ಬೇಡ ಅನ್ನಲಿಲ್ಲ. ಹೇಗೆ ಅಂತಾರೆ? ನಮ್ಮ ಕಡೆ ಇನ್ನೊಬ್ಬರು ಕೊಯ್ಯಬೇಕಾದ ಕರಡಕ್ಕೆ ಕಡ್ಡಿ ಗೀರೋದು ಅಂದರೆ ಅವರ ದನದ ಹೊಟ್ಟೆಗೆ ಹೊಡೆದ ಹಾಗೆ. ಹಾಗಾಗಿ ಗುಡ್ಡ ಸುತ್ತಿ ಬಂದ ಕಪ್ಪು ರೇಖೆಯಲ್ಲಿ ಒಂದು ಕಡೆ ಮಾತ್ರ ಹೊಂಬಣ್ಣದ ಹುಲ್ಲು ಉಳಿಯಿತು. ಅದರ ಆ ತುದಿ ಗುಡ್ಡಕ್ಕೆ, ಈ ತುದಿ ನೇರ ಕಾನಿಗೆ.

ಆಮೇಲೆ ರೊಬಸ್ಟಾ ಕೊಯ್ಲು ಶುರುವಾಯ್ತು. ಕೊಯ್ಲಿನಲ್ಲಿ ಆಳು ಸಿಗೋದು ಅಂದರೆ ನಿಮಗೆ ಗೊತ್ತಲ್ಲ, ದೇವರನ್ನು ಒಲಿಸಿಕೊಳ್ಳೋದು ಸುಲಭ. ಇದ್ದಬದ್ದವರನ್ನೆಲ್ಲ ಹಣ್ಣಿಗೆ ಹಾಕಿ, ಕರಡ ಕೊಯ್ಯೋದು ಯಾರು? ರೇಣುಕಾ ಕೇಳಿದಾಗಲೆಲ್ಲ ಭಾವ "ನಾಳೆ ಮೇಡಂ, ನಾಳೆ ಗ್ಯಾರಂಟಿ" ಅನ್ನೋರು. ನಾನೂ ಒಂದು ಸಲ, "ಏನ್ ಭಾವ, ನಿಮ್ ಕರಡ ಮ್ಯೂಸಿಯಮ್ಮಿಗೆ ಇಟ್ಟಿದೀರಾ?" ಅಂತ ಚುಚ್ಚಿದೆ. ನಕ್ಕರು. ಆ ನಗುವಿನಲ್ಲಿ ಇನ್ನೊಂದು ವಾರ ಹೋಯ್ತು.

ಫೆಬ್ರವರಿ ಕೊನೆಗೆ ನಮ್ಮ ಯಜಮಾನ್ರ ಹಬ್ಬ ಶುರು. ಅವರಿಗೆ ದೀಪಾವಳಿ ಯುಗಾದಿ ಯಾವುದೂ ಲೆಕ್ಕಕ್ಕಿಲ್ಲ, ಕಾಫಿ ಹೂ ಬಿಡೋದೇ ಹಬ್ಬ. ಕೊಯ್ಲು ಮುಗಿದ ಮೇಲೆ ಮಳೆ ನಂಬಿ ಕೂರದೆ ಕೆರೆಯಿಂದ ಪಂಪಿನಲ್ಲಿ ನೀರೆತ್ತಿ, ಸ್ಪ್ರಿಂಕ್ಲರ್ ಜೆಟ್ಟಿನಲ್ಲಿ ಗಿಡಕ್ಕೆ ಹೊಡೆಸಿದರೆ, ಒಂದು ವಾರ ಕಳೆಯುತ್ತಲೇ ತೋಟಕ್ಕೆ ತೋಟವೇ ಬೆಳ್ಳಗೆ. ಅಷ್ಟಕ್ಕೆ ಮುಗಿಯಲಿಲ್ಲ. ಹೂ ಉದುರಿದ ಮೇಲೆ, ಎರಡು ಮೂರು ವಾರದೊಳಗೆ ಇನ್ನೊಂದು ಸಲ ನೀರು ಬೇಕೇ ಬೇಕು. ಅದೇ ಬ್ಯಾಕಿಂಗ್. ಅದು ತಪ್ಪಿದರೆ ಕಾಯಿ ನಿಲ್ಲಲ್ಲ, ಗೊಂಚಲು ಕರಟಿ ಉದುರಿಹೋಗ್ತದೆ, ವರ್ಷದ ಬೆಳೆ ಅಲ್ಲಿಗೆ ಮುಗೀತು. ಆ ಸಲ ಹೂ ಅದ್ಭುತವಾಗಿ ಬಂತು. ಕೆರೆಯಲ್ಲಿ ಉಳಿದ ನೀರು ಬ್ಯಾಕಿಂಗಿಗೆ ಸರಿಹೋಗುವಷ್ಟು ಮಾತ್ರ. ಇವರು ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಕೆರೆ ನೋಡಿ ಬರೋರು, ಹಲ್ಲುಜ್ಜೋದು ಆಮೇಲೆ.

ಬೆಂಕಿ ಬಂದದ್ದು ಮಾರ್ಚಿನ ಒಂದು ಮಧ್ಯಾಹ್ನ. ಗುಡ್ಡದ ಆಚೆ ಕಡೆ ಯಾರು ಹಚ್ಚಿದರೋ, ಬೀಡಿ ಎಸೆದರೋ, ಇವತ್ತಿಗೂ ಗೊತ್ತಿಲ್ಲ. ನಾವು ಕಾಣುವಾಗ ಅದು ನೆತ್ತಿ ದಾಟಿ ಈಚೆಗೆ ಇಳಿಯುತ್ತಿತ್ತು. ಚಟಪಟ ಸದ್ದು ಮನೆ ತನಕ ಕೇಳುತ್ತಿತ್ತು. ಫೋನು ಮಾಡಬೇಕಾಗಲಿಲ್ಲ, ಹೊಗೆ ನೋಡಿಯೇ ಊರು ಗುಡ್ಡ ಹತ್ತಿತು. ರೇಣುಕಾ ಗಾಳಿ ಊದುವ ಬ್ಲೋವರ್ ಬೆನ್ನಿಗೆ ಹಾಕಿಕೊಂಡು ಮುಂದೆ, ಉಳಿದವರು ಸೊಪ್ಪಿನ ಗೆಲ್ಲು ಹಿಡಿದು ಹಿಂದೆ.

ಸುಟ್ಟಿದ್ದ ರೇಖೆ ಮೋಸ ಮಾಡಲಿಲ್ಲ. ಎಷ್ಟೆತ್ತರದ ಬೆಂಕಿ ಬಂದರೂ ಅಲ್ಲಿಗೆ ಬಂದು ಕುಳ್ಳಾಗಿ, ಹೊಗೆಯಾಗಿ ಹೋಯಿತು. ನೋಡಿ ನನಗೆ ಕೂಗಿ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಗಾಳಿ ಬಲಕ್ಕೆ ತಿರುಗಿತು. ಭಾವನ ಕರಡ ಸಿಕ್ಕಿತು ನೋಡಿ ಅದಕ್ಕೆ. ಹಸಿದವನಿಗೆ ಎಲೆ ಹಾಕಿಟ್ಟ ಹಾಗೆ ಆಯ್ತು. ಭಾವ ಅಲ್ಲೇ ನಿಂತು ಸೊಪ್ಪಿನಲ್ಲಿ ಬಡಿದೇ ಬಡಿದರು. ತೋಳಿನ ಕೂದಲೆಲ್ಲ ಸೀದುಹೋಯಿತು. ಇಬ್ಬರು ಹಿಡಿದು ಎಳೆಯದಿದ್ದರೆ ಅಂಗಿಗೇ ಹತ್ತುತ್ತಿತ್ತು. ಬೆಂಕಿ ಅವರನ್ನು ದಾಟಿ ಕಾನಿನ ಅಂಚಿಗೆ ಮುಟ್ಟಿತು.

ಕಾನಿನೊಳಗೆ ಬೆಂಕಿ ಕುಣಿಯಲ್ಲ. ತೆವಳ್ತದೆ. ತರಗೆಲೆಯ ಅಡಿಯಲ್ಲಿ ಕೆಂಡವಾಗಿ ಸದ್ದಿಲ್ಲದೆ ಹರೀತದೆ. ಒಂದು ಕಡೆ ಬಡಿದರೆ ಇನ್ನೊಂದು ಕಡೆ ಹೊಗೆ. ಪುಟ್ಟಯ್ಯ ಸೊಪ್ಪು ಬಿಸಾಕಿ ಹೇಳಿದ, "ಇದು ಸೊಪ್ಪಿಗೆ ಬಗ್ಗಲ್ಲ ಅಮ್ಮ. ನೀರು ಬೇಕು."

ರೇಣುಕಾ ನನ್ನ ಮುಖ ನೋಡಿದಳು. ಅಗ್ನಿಶಾಮಕದ ಗಾಡಿ ಕಳಸ ದಾಟಿ ಬಂದರೂ ಅಲ್ಲಿಗೆ ಹತ್ತಲ್ಲ. ಭಾವನ ಕೆರೆ ದೊಡ್ಡದು, ಆದರೆ ಕೆಳಗಿದೆ, ಅವರ ಪಂಪು ಅಷ್ಟೆತ್ತರಕ್ಕೆ ನೀರು ದಾಟಿಸಲ್ಲ. ಕಾನಿಗೆ ಪೈಪು ಮುಟ್ಟುವುದು ನಮ್ಮ ಕೆರೆಯಿಂದ ಮಾತ್ರ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಕೇಳಲಿಲ್ಲ. ಬಾಯಿಬಿಟ್ಟು ಕೇಳಿದ್ದರೆ ನನಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲವೋ ಏನೋ.

ನಾನು ಕೆರೆಗೆ ಓಡಿದೆ. ಇವರು ಆಗಲೇ ಅಲ್ಲಿದ್ದರು. ಪಂಪ್ ಶೆಡ್ಡಿನ ಮೆಟ್ಟಿಲ ಮೇಲೆ, ಡೀಸೆಲ್ ಪಂಪಿನ ಹ್ಯಾಂಡಲ್ಲನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಹೊಗೆ ಕಂಡ ಕೂಡಲೇ ಬಂದು ಕೂತಿದ್ದಾರೆ, ಮನುಷ್ಯ! ಶುರು ಮಾಡಲೂ ಆಗದೆ, ಬಿಟ್ಟು ಹೋಗಲೂ ಆಗದೆ.

"ಇದು ಬ್ಯಾಕಿಂಗ್ ನೀರು ಸುಮಿ" ಅಂದರು.

"ಗೊತ್ತು."

"ಮಳೆ ಬರ್ದೇ ಹೋದ್ರೆ ಈ ವರ್ಷ ಕಾಫಿ ಇಲ್ಲ ನಮಗೆ."

"ಗೊತ್ತು ಅಂದ್ನಲ್ಲ."

"ಕರಡ ಬಿಟ್ಟೋರು ಅವ್ರು. ನೀರು ಬಿಡೋದು ನಾನಾ?"

ಅವರು ಹೇಳಿದ್ದು ನ್ಯಾಯವೇ. "ಒಳಗೆ ಹೋಗ್ತಿದೆ ರೀ. ಹಳ್ಳದ ತಲೆ ಹತ್ರ" ಅಂದೆ.

ಇವರು ಒಮ್ಮೆ ತೋಟದ ಕಡೆ ನೋಡಿದರು. ಹೂ ಉದುರಿ, ಗಿಣ್ಣಿನಲ್ಲಿ ಸಾಸಿವೆಯಷ್ಟು ಕಾಯಿ ಕೂತಿತ್ತು. "ದರಿದ್ರ" ಅಂದರು, ಯಾರಿಗೆ ಅಂದರೋ. ಎದ್ದು ಹ್ಯಾಂಡಲ್ ಹಾಕಿ ತಿರುಗಿಸಿದರು.

ಮೇಲಿನ ಬ್ಲಾಕಿನ ಪೈಪುಗಳನ್ನೆಲ್ಲ ಬಿಚ್ಚಿ, ಕೈಯಿಂದ ಕೈಗೆ ದಾಟಿಸಿ ಗುಡ್ಡಕ್ಕೆ ಜೋಡಿಸಿದೆವು. ಹೆಂಗಸರು, ಗಂಡಸರು, ಕೊಯ್ಲು ಮುಗಿಸಿ ಊರಿಗೆ ಹೊರಟಿದ್ದ ಆಳುಗಳು, ಎಲ್ಲ. ನಮ್ಮ ಯಜಮಾನ್ರು ಒಂದೊಂದು ಜೋಡಣೆಯನ್ನೂ ತಾವೇ ಮುಟ್ಟಿ ನೋಡಿದರು. ಒಂದು ಕಡೆ ನೀರು ಸೋರಿದ್ದಕ್ಕೆ ಯಾರನ್ನೋ ಬಾಯಿಗೆ ಬಂದ ಹಾಗೆ ಬೈದರು. ಸಂಜೆಯ ಹೊತ್ತಿಗೆ ಕಾನಿನ ಅಂಚು ಪೂರ್ತಿ ತೊಯ್ದಿತ್ತು. ಕೆಂಡ ಬುಸ್ಸೆಂದು ಹಬೆ ಬಿಡುತ್ತಿತ್ತು. ಮುಂದಿನ ದಿನಗಳಲ್ಲಿ ಒಣಮರದ ಬುಡದಲ್ಲಿ, ಬೇರಿನ ಸಂದಿಯಲ್ಲಿ ಮತ್ತೆ ಮತ್ತೆ ಹೊಗೆ ಏಳುತ್ತಿತ್ತು. ಎದ್ದಲ್ಲೆಲ್ಲ ಹೋಗಿ ಅಗೆದು, ನೀರು ಸುರಿದು ಆರಿಸಿದ್ದಾಯ್ತು. ಅಂಚಿನ ಮರಗಳು ಕೆಲವು ಹೋದವು. ಒಳಗಿನದು, ಹಳ್ಳದ ತಲೆ, ಎಲ್ಲ ಉಳಿಯಿತು. ಕೆರೆಯಲ್ಲಿ ಕೆಸರು ಬಿಟ್ಟು ಏನೂ ಇರಲಿಲ್ಲ. ಆ ಬೇಸಿಗೆಯ ಹಳ್ಳದಲ್ಲಿ ಅದು ತುಂಬಬೇಕಾದರೆ ತಿಂಗಳುಗಟ್ಟಲೆ ಬೇಕು.

ಬೆಂಕಿಯ ದಿನ ರಾತ್ರಿ ರೇಣುಕಾ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ಮುಖದ ಮಸಿಯ ಮೇಲೆ ಕಣ್ಣೀರು ಹರಿದು ಗೆರೆ ಗೆರೆ. "ನಾನ ಹೂಂ ಅಂದಿದ್ದೆ ಅಕ್ಕಾರ, ಕರಡಾ ಬಿಡಾಕ."

"ಊರೇ ಹೂಂ ಅಂದಿತ್ತು. ಮುಖ ತೊಳ್ಕೊಂಡು ಊಟ ಮಾಡು" ಅಂದೆ.

ಇನ್ನು ಮಳೆಗೆ ಕಾಯುವ ಶಿಕ್ಷೆ. ದಿನಾ ಸಂಜೆ ಕುದುರೆಮುಖದ ಕಡೆ ಮೋಡ ಕಟ್ಟೋದು, ಗುಡುಗೋದು, ಇತ್ತ ಬರೋದಿಲ್ಲ. ಕಳಸದ ಪೇಟೆಗೆ ಒಂದು ದಿನ ಚೆನ್ನಾಗಿ ಹೊಡೆಯಿತು. ಫೋನಿನ ಮೇಲೆ ಫೋನು, "ನಿಮ್ಮಲ್ಲಿ ಎಷ್ಟು ಸೆಂಟು ಬಂತು?" ಅಂತ. ಮಳೆಯ ಲೆಕ್ಕ ಅದು, ನೂರು ಸೆಂಟಿಗೆ ಒಂದು ಇಂಚು. ನಮ್ಮಲ್ಲಿ ಅಂಗಳದ ಧೂಳು ಅಡಗುವಷ್ಟೂ ಇಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಇದರ ಮೇಲೆ ಭಾವನ ಜೆಟ್ಟು. ಅವರ ಕೆರೆಯಲ್ಲಿ ನೀರಿತ್ತು, ಬ್ಯಾಕಿಂಗ್ ಶುರು ಮಾಡಿದರು. ಮಾಡದೇ ಇನ್ನೇನು? ಟಿಕ್ ಟಿಕ್ ಟಿಕ್ ಅಂತ ಆ ಜೆಟ್ ತಿರುಗುವ ಸದ್ದು ಬೆಳಿಗ್ಗೆಯಿಂದ ಸಂಜೆ ತನಕ ನಮ್ಮ ಮನೆಯೊಳಗೇ ಬಂದು ಬಡಿಯೋದು. ಇವರು ಆ ಕಡೆಯ ಕಿಟಕಿ ಮುಚ್ಚಿಸಿದರು. ಬೆಂಕಿಯ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ದಾರಿಯಲ್ಲಿ ಭಾವ ಎದುರಾದರೆ ಇವರು ಮೆಣಸಿನ ಬಳ್ಳಿ ನೋಡುತ್ತಾ ನಿಂತುಬಿಡೋರು. ಬಳ್ಳಿಯಲ್ಲಿ ಏನೂ ಇರಲಿಲ್ಲ.

ಒಂದು ಬೆಳಿಗ್ಗೆ ಆ ಸದ್ದು ನಿಂತಿತು. ಪಂಪು ಕೆಟ್ಟಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಭಾವ. ಹಿಂದೆ ಆಳುಗಳು, ಹೆಗಲ ಮೇಲೆ ಪೈಪುಗಳು. ಸೀದ ತೋಳಿಗೆ ಅರಿಶಿನ ಹಚ್ಚಿಕೊಂಡಿದ್ದರು.

"ಚಂದ್ರ, ನಮ್ದು ಅರ್ಧ ತೋಟ ಆಯ್ತು. ಉಳಿದ ನೀರು ನಿಮ್ಮ ಕೆಳಗಿನ ಬ್ಲಾಕಿಗೆ ಎಟುಕ್ತದೆ. ಹಾಯ್ಸನ."

ಇವರು ಜಗುಲಿಯಿಂದ ಇಳಿಯಲಿಲ್ಲ. "ನಿಮ್ದು ಇನ್ನರ್ಧ?"

"ಅದು ಹಂಗಿರ್ಲಿ."

"ಹಂಗಿರ್ಲಿ ಅಂದ್ರೆ? ಒಣಗ್ತದೆ ಮಂಜಪ್ಪಣ್ಣ."

"ಒಣಗ್ಲಿ ಮಾರಾಯ. ಬೆಂಕಿ ಹಚ್ಚಿದೋನು ಯಾವನೋ, ಅದಕ್ಕೆ ದಾರಿ ಬಿಟ್ಟಿದ್ದು ನಾನೇ ಅಲ್ವ? ನೀನು ಕಿಟಕಿ ಹಾಕ್ಕೊಂಡ್ರೆ ನಂಗೆ ಅಲ್ಲಿಂದ ಕಾಣ್ತದೆ."

ನಾನು ಕಾಫಿ ಇಡ್ತೀನಿ ಅಂತ ಒಳಗೆ ಹೋದೆ. ಹೋಗಿ ಬಾಗಿಲ ಹಿಂದೆ ನಿಂತೆ. ಇವರು ಮೆಟ್ಟಿಲಿಳಿದು ಒಂದು ಪೈಪಿನ ಬಾಯಿಗೆ ಬೆರಳು ಹಾಕಿ ತಿರುಗಿಸಿ ನೋಡಿದರು. "ಈ ಕಪ್ಲಿಂಗು ನಮ್ಮ ಪೈಪಿಗೆ ಕೂರಲ್ಲ. ರಬ್ಬರ್ ಹಾಕ್ಬೇಕು. ತಡೀರಿ, ತರ್ತೀನಿ" ಅಂದರು. ಅಲ್ಲಿಗೆ ಮಾತು ಶುರುವಾಯ್ತು.

ಕೆಳಗಿನ ಬ್ಲಾಕಿಗೆ ನೀರು ಸಿಕ್ಕಿತು. ಮೇಲಿನದಕ್ಕೆ ಎಟುಕಲಿಲ್ಲ. ಸಾಸಿವೆ ಕಾಯಿಗಳು ಕಪ್ಪಾಗಿ ಉದುರುವುದನ್ನು ದಿನಾ ನೋಡಿದೆವು. ಭಾವನ ಇನ್ನರ್ಧ ತೋಟವೂ ಹಾಗೇ ಆಯ್ತು. ಮಳೆಯೇನೋ ಬಂತು, ಎಲ್ಲ ಮುಗಿದ ಮೇಲೆ, ಮನೆ ಹಂಚು ಹಾರಿಸಿಕೊಂಡು. ಇವರು ಅಂಗಳದಲ್ಲಿ ನೆನೆಯುತ್ತಾ ನಿಂತು ಆಕಾಶಕ್ಕೆ ಬೈದ ಮಾತುಗಳನ್ನು ಬರೆಯುವ ಹಾಗಿಲ್ಲ. ವಾರ ಕಳೆಯುವುದರೊಳಗೆ ಸುಟ್ಟ ಗುಡ್ಡ ಪೂರ್ತಿ ಹಸಿರು. ಬೆಂಕಿ ಬಿದ್ದಿತ್ತು ಅಂದರೆ ಹೊಸಬರು ನಂಬುತ್ತಿರಲಿಲ್ಲ.

ಮುಂದಿನ ಕೊಯ್ಲಿಗೆ ಇವರ ಹೊಸ ರಾಗ. ಕೆಳಗಿನ ಬ್ಲಾಕಿನ ಹಣ್ಣನ್ನು ಕೊಯ್ಸಿ, ಮೂಟೆ ಕಟ್ಟಿಸಿ, ಜೀಪಿನಲ್ಲಿ ಭಾವನ ಅಂಗಳದಲ್ಲಿ ಇಳಿಸಿ ಬಂದರು. "ಅವರ ನೀರಿನ ಬೆಳೆ, ಅವರದ್ದೇ." ಸಂಜೆ ಅದೇ ಮೂಟೆಗಳು ಭಾವನ ಜೀಪಿನಲ್ಲಿ ವಾಪಸ್ಸು. "ಅವನ ತೋಟದ ಹಣ್ಣು ನಂಗ್ಯಾಕೆ?" ಮರುದಿನ ಇವರು ಮತ್ತೆ ಕಳಿಸಿದರು, ಮತ್ತೆ ಬಂತು. ನೋಡುವಷ್ಟು ನೋಡಿದೆ. ಹಣ್ಣು ಮೂಟೆಯೊಳಗೆ ಬಿಸಿಯಾಗಿ ಹುಳಿವಾಸನೆ ಬರಲು ಶುರುವಾಗಿತ್ತು. "ಕೊಳೆಸ್ತೀರೇನ್ರೀ ಇಬ್ರೂ ಸೇರಿ!" ಅಂತ ಕಿರುಚಿ, ಆಳುಗಳಿಂದ ಮೂಟೆ ಬಿಚ್ಚಿಸಿ ನಮ್ಮ ಕಣದಲ್ಲೇ ಒಂದು ಮೂಲೆಗೆ ಬೇರೆಯಾಗಿ ಹರವಿಸಿದೆ. ಇದು ಯಾರದ್ದು ಅಂತ ಇಬ್ಬರೂ ಕೇಳಿದರು. ನಾನು ಹೇಳಲಿಲ್ಲ.

ಆಮೇಲೆ ನಡೆದದ್ದು ಇಷ್ಟು. ನಮ್ಮ ಯಜಮಾನ್ರು ದಿನಾ ಬೆಳಿಗ್ಗೆ ಹೋಗಿ, ಮಂಜಪ್ಪಣ್ಣಂದು ಕೆಡಬಾರದು ಅಂತ ಆ ರಾಶಿಗೆ ಕೈಯಾಡಿಸಿ ಬರೋರು. ಮಧ್ಯಾಹ್ನ ಇವರು ಮಲಗಿದ ಮೇಲೆ ಭಾವ ಕಣದ ಬೇಲಿ ದಾಟಿ ಬಂದು, ಚಂದ್ರಂದು ಬೂಸ್ಟು ಹಿಡೀಬಾರದು ಅಂತ ಇನ್ನೊಂದು ಸಲ ಕೈಯಾಡಿಸಿ ಹೋಗೋರು. ಅಷ್ಟು ಚೆನ್ನಾಗಿ ಒಣಗಿದ ಕಾಫಿ ನಮ್ಮ ಕಣದಲ್ಲಿ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಇಲ್ಲ.